ಮಳೆ ಬರಲಿ, ಆಮೇಲೆ ವಾದ

ಸರ್ ಅವರ ಎಡಗಣ್ಣು ಯಾವಾಗಲೂ ಅರ್ಧ ಮುಚ್ಚಿರುತ್ತಿತ್ತು. ವರ್ಷಗಟ್ಟಲೆ ಸೂಕ್ಷ್ಮದರ್ಶಕಕ್ಕೆ ಬಲಗಣ್ಣು ಒತ್ತಿ ಹಾಗಾಗಿದ್ದು. ಆದರೆ ಎದುರಿಗೆ ನಿಂತವರಿಗೆ, ತಮ್ಮ ಮಾತನ್ನು ಇವರು ನಂಬುತ್ತಿಲ್ಲ ಅನ್ನಿಸುತ್ತಿತ್ತು. ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಬೀಗುತ್ತಿದ್ದ ನನಗೆ ಅದು ಕೆಣಕಿದ ಹಾಗೆ.

ಸಿಂದಗಿಯ ಕಾಲೇಜಿನಲ್ಲಿ ನಮಗೆ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಅವರು ಒಬ್ಬಂಟಿ. ಎಲ್ಲರೂ ಹೋದಮೇಲೂ ಪ್ರಯೋಗಾಲಯದಲ್ಲೇ ಕೂತು ಬಸವನಹುಳು ಕೊಯ್ಯುತ್ತಿದ್ದರು. ಅದರ ಬಗ್ಗೆ ವಾದಕ್ಕೆ ಸಿಗುತ್ತಿದ್ದವಳು ನಾನೊಬ್ಬಳೇ.

"ಚಿಪ್ಪು ನೋಡಿದರ ಗೊತ್ತಾಗೂದಿಲ್ಲೇನ್ರಿ ಸರ್? ಕೊಯ್ಯೂದ್ಯಾಕ?"

"ಚಿಪ್ಪು ನಂಬಬ್ಯಾಡ, ವಕೀಲವ್ವ. ಸಂಬಂಧ ಇಲ್ಲದವೂ ಒಂದ ನಮೂನಿ ಚಿಪ್ಪು ಹೊತ್ತು ಅಡ್ಡಾಡ್ತಾವ. ನಾಲಗಿ ಮ್ಯಾಲಿನ ಹಲ್ಲು ನೋಡು, ದವಡಿ ನೋಡು, ಸಂತಾನದ ನಳಿಗಿ ಹೆಂಗ ಕವಲೊಡದಾವ ನೋಡು. ಆಮ್ಯಾಲೆ ಯಾವ ಕುಟುಂಬ ಅನ್ನು."

ಕಳೆದ ಬೇಸಿಗೆಯಲ್ಲಿ, ಮೋರಟಗಿಯ ನಮ್ಮ ಹೊಲದ ಒಡ್ಡಿನ ಕಲ್ಲಿಗೆ ಅಂಟಿದ್ದ ಒಂದು ಬಸವನಹುಳುವನ್ನು ಬಿಡಿಸಿ ತಂದೆ. ಬಾಯಿಗೆ ಒಣಲೋಳೆಯ ಬಿಳಿ ಪೊರೆ. ಆ ಬಗೆಯ ಖಾಲಿ ಚಿಪ್ಪುಗಳಷ್ಟೇ ಸರ್‌ಗೆ ಅದುವರೆಗೆ ಸಿಕ್ಕಿದ್ದವು. ಕುಟುಂಬ ಯಾವುದೆಂದು ತೀರ್ಮಾನವಾಗದೆ ಉಳಿದಿತ್ತು. ಕೈಗೆ ತೆಗೆದುಕೊಂಡಾಗ ಅವರ ಎಡಗಣ್ಣೂ ಪೂರ್ತಿ ತೆರೆಯಿತು.

"ಸತ್ತೈತಿ ಬಿಡ್ರಿ ಸರ್," ಅಂದೆ.

"ಮಕ್ಕೊಂಡೈತಿ."

"ಪುರಾವೆ?"

"ಮಳಿ ಬರಲಿ. ಈಗ ಕೊಯ್ದರ ಒಳಗಿಂದೆಲ್ಲಾ ಸೊರಗಿರತೈತಿ, ಏನೂ ತಿಳಿಯಂಗಿಲ್ಲ. ಎದ್ದು, ನಾಕ ದಿನ ತಿಂದು ಮೈ ತುಂಬಿಕೊಳ್ಳಲಿ."

"ಪುರಾವೆ ಮುಂದೂಡಿದವರು ಸೋತಂಗರಿ."

"ಮಳಿ ಬಂದಮ್ಯಾಲೆ ಸೋಲ್ತೇನಿ ತಗೋ. ಅಲ್ಲಿತನಕ ಬಂದು ಜಗಳಾಡ್ಕೋತ ಇರು," ಎಂದು ನಕ್ಕರು.

ಮಳೆಗಿಂತ ಮೊದಲೇ ಎದೆನೋವು ಬಂತು. ಸರ್ ಹೋದರು.

ಮೃಗಶಿರದ ಮೊದಲ ಮಳೆ ಬಿದ್ದ ದಿನ ಪ್ರಯೋಗಾಲಯದ ಕೀಲಿ ತೆಗೆಸಿ, ಅವರ ಮೇಜಿನ ಮೇಲೆ ಹಸಿ ಮಣ್ಣು ಹರಡಿ ಹುಳುವನ್ನು ಇಟ್ಟೆ. ಬಹಳ ಹೊತ್ತು ಏನೂ ಆಗಲಿಲ್ಲ. ವಾದದಲ್ಲಿ ನಾನೇ ಸೋಲಬೇಕು ಎಂದು ಬೇಡಿಕೊಂಡದ್ದು ಅದೇ ಮೊದಲು. ಪೊರೆ ಮೆತ್ತಗಾಗಿ ಹರಿಯಿತು. ಮೈ ಹೊರಬಂತು, ನಿಧಾನಕ್ಕೆ ಕೊಂಬು ಚಾಚಿತು.

"ಗೆದ್ರಿ ಸರ್," ಎಂದೆ. ಖಾಲಿ ಸ್ಟೂಲುಗಳ ನಡುವೆ ನನ್ನ ಧ್ವನಿ ನನಗೇ ದೊಡ್ಡದಾಗಿ ಕೇಳಿಸಿತು.

ಸೌತೆಕಾಯಿ ತಿನ್ನಿಸಿ ಸಾಕಿದೆ. ಮೈ ತುಂಬಿದ ಮೇಲೆ ಅವರ ಬ್ಲೇಡು ಹಿಡಿದು ಕೂತೆ. ಕೊಯ್ಯಬೇಕು, ಕೊಯ್ಯಬಾರದು: ಎರಡೂ ಕಡೆಯ ವಾದವನ್ನು ನಾನೊಬ್ಬಳೇ ಮಾಡಬೇಕಾಯಿತು. ಸರ್ ಕಡೆಯದೇ ಗೆದ್ದಿತು.

ಹಲ್ಲಿನ ಸಾಲು, ದವಡೆ, ಕವಲೊಡೆದ ನಳಿಗೆ, ಎಲ್ಲವೂ ಅವರು ಕಲಿಸಿದಂತೆಯೇ ಕಂಡವು. ಕುಟುಂಬದ ಹೆಸರನ್ನು ಗಟ್ಟಿಯಾಗಿ ಹೇಳಿ, ಸ್ವಲ್ಪ ಹೊತ್ತು ಕಾದೆ.

ಅಲ್ಲ ಅನ್ನುವವರು ಯಾರೂ ಇರಲಿಲ್ಲ.