ಭಾಷಣಕಾರರ ರೇಷ್ಮೆ ಶಾಲು

ಎರಡೂವರೆ ಸಾವಿರನೇ ಬುದ್ಧ ಜಯಂತಿಯ ವರ್ಷ, ಕರುಣೆಯ ಬಗ್ಗೆ ಊರೂರಲ್ಲಿ ಭಾಷಣ ಮಾಡೋ ದೊಡ್ಡ ಮನುಷ್ಯರೊಬ್ಬರಿಗೆ ನಾನು ಸರ್ಕಾರಿ ಜೀಪ್ ಓಡಿಸ್ತಿದ್ದೆ. ಆ ದಿನ ನೆನೆದರೆ ಈಗಲೂ ಮೈ ಉರಿಯುತ್ತೆ.

ಬೆಳಿಗ್ಗೆ ಶಿಡ್ಲಘಟ್ಟದಲ್ಲಿ, ‘ಕರುಣೆ ದಿನದಿನದ ಅಭ್ಯಾಸ, ಎದುರಿಗೆ ಬಂದವರ ನೋವು ನಮ್ಮದಾಗಬೇಕು’ ಅಂದರು. ಜನ ಕಣ್ಣೊರೆಸಿಕೊಂಡು ರೇಷ್ಮೆ ಶಾಲು ಹೊದಿಸಿದರು. ಚಿಂತಾಮಣಿಗೆ ಹೊರಟು ಊರು ದಾಟೋಷ್ಟರಲ್ಲಿ ಒಬ್ಬ ಹೆಂಗಸು ಜೀಪಿಗೆ ಅಡ್ಡ ಬಂದಳು. ರೇಷ್ಮೆ ನೂಲು ತೆಗೆಯೋ ಕೆಲಸದವಳು. ಗೂಡು ಬೇಯಿಸೋ ಕುದಿನೀರು ಚೆಲ್ಲಿ ಕೈ ಮೊಣಕೈವರೆಗೂ ಬೆಂದಿತ್ತು. ‘ಚೇಯಿ ಕಾಲಿಪೋಯಿಂದಣ್ಣಾ, ಆಸ್ಪತ್ರೆಗೆ ಬಿಡಣ್ಣ’ ಅಂತ ತೆಲುಗು ಬೆರೆಸಿ ಬೇಡ್ಕೊಂಡು ಸುಟ್ಟ ಕೈ ತೋರಿಸಿದಳು.

ಆಕೆಯ ಸೀರೆಯಿಂದ ಬೆಂದ ಹುಳದ ವಾಸನೆ ಬರ್ತಿತ್ತು. ನಮ್ಮ ಭಾಷಣಕಾರರು ಶಾಲಿನ ಅಂಚು ಮೂಗಿಗೆ ಹಿಡಿದರು. ‘ಸರ್ಕಾರಿ ಗಾಡಿ, ಹೊರಗಿನವರನ್ನ ಹತ್ತಿಸಬಾರದು. ಅಲ್ಲದೆ ಅಷ್ಟು ಹುಳ ಬೇಯಿಸಿದ ಕೈ ಕಣಯ್ಯ, ಪಾಪ ಸುಮ್ಮನೆ ಬಿಡುತ್ತಾ? ನಡಿ, ನಡಿ.’

‘ಸ್ವಾಮಿ, ಹುಳ ಬೇಯಿಸದೆ ನಿಮ್ಮ ಹೆಗಲಿಗೆ ಆ ಶಾಲು ಹೆಂಗೆ ಬಂತು?’ ಅಂದೆ. ಎಂಜಿನ್ ಆರಿಸಿ, ಕೀಲಿ ಜೇಬಿಗೆ ಹಾಕ್ಕೊಂಡು ಕೆಳಗಿಳಿದೆ. ‘ಆಯಮ್ಮ ಹತ್ತಿದ ಮೇಲೇ ಗಾಡಿ ಹೊರಡೋದು. ಬೇಕಾದರೆ ಮೇಲಿನವರಿಗೆ ಹೇಳ್ಕೊಳ್ಳಿ.’ ಗೊಣಗುತ್ತಾ ಸರಿದು ಜಾಗ ಬಿಟ್ಟರು. ಆಸ್ಪತ್ರೆ ಬರೋವರೆಗೂ ಆಕೆಯ ಕಡೆ ತಿರುಗಿ ನೋಡಲಿಲ್ಲ.

ಸಂಜೆ ಚಿಂತಾಮಣಿಯ ಸಭೆಯಲ್ಲಿ ನಾನು ಹಿಂದೆ ನಿಂತಿದ್ದೆ. ‘ಇವತ್ತು ದಾರಿಯಲ್ಲಿ ಕೈ ಸುಟ್ಟುಕೊಂಡ ತಾಯಿಯೊಬ್ಬಳು ಕಂಡಳು’ ಅಂತ ಅವರು ಗದ್ಗದಿತರಾದರು. ‘ನಿಯಮವಿಲ್ಲ ಅಂತ ಡ್ರೈವರ್ ತಕರಾರು ಮಾಡಿದ. ನಾನೇ ಇಳಿದು ಆಕೆಯನ್ನ ಹತ್ತಿಸಿದೆ.’

ಚಪ್ಪಾಳೆಯೋ ಚಪ್ಪಾಳೆ. ಇನ್ನೊಂದು ಶಾಲು ಹೊದಿಸಿದರು. ಅದೂ ರೇಷ್ಮೆಯದೇ.