ಅಕ್ಕನ ಮೂಳೆಯೊಳಗಿನ ತೂತುಗಳು

ಕಾಲೇಜಿನಲ್ಲಿ ಸೋತ ಚರ್ಚಾಸ್ಪರ್ಧೆಗಳನ್ನೆಲ್ಲ ಮರೆತಿದ್ದೇನೆ. ಗುಬ್ಬಿಯ ಒಂದು ಮನೆಯ ಹಜಾರದಲ್ಲಿ ಗೆದ್ದ ವಾದ ಮಾತ್ರ ಇವತ್ತಿಗೂ ಮೈ ಉರಿಸುತ್ತದೆ.

ಹೊಸ ಶತಮಾನ ಶುರುವಾಗಿ ಒಂದೆರಡು ವರ್ಷವಾಗಿತ್ತು. ನಮ್ಮ ಮನೆ ಕುಣಿಗಲ್ಲಿನಲ್ಲಿ. ನಾನು ತುಮಕೂರಿನ ಹಾಸ್ಟೆಲ್ಲಿನಲ್ಲಿದ್ದುಕೊಂಡು ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದೆ. ಅಕ್ಕನನ್ನು ಗುಬ್ಬಿಗೆ ಕೊಟ್ಟಿತ್ತು. ಅವಳ ಮೊಣಕಾಲಿನ ಕೆಳಗೆ, ಮೂಳೆಯ ಒಳಗೇ ಒಂದು ಗಂಟು ಬೆಳೆದಿತ್ತು. ಕ್ಯಾನ್ಸರ್ ಅಲ್ಲ, ಆದರೆ ಮೂಳೆಯನ್ನು ಒಳಗಿಂದ ಟೊಳ್ಳು ಮಾಡುತ್ತಿತ್ತು. ಅದನ್ನು ಕೆರೆದು ತೆಗೆದು, ಆ ಗುಳಿಗೆ ಸೆರಾಮಿಕ್ ತುಂಡು ತುಂಬುತ್ತೇವೆ, ಇಲ್ಲದಿದ್ದರೆ ಒಂದು ದಿನ ಕಾಲು ಮುರಿಯುತ್ತದೆ ಎಂದರು ತುಮಕೂರಿನ ಡಾಕ್ಟರು.

ಅಕ್ಕನ ಅತ್ತೆ ಸುತರಾಂ ಒಪ್ಪಲಿಲ್ಲ.

"ಮೂಳೆ ಒಳೀಕೆ ಪಿಂಗಾಣಿ ತುರುಕ್ತಾರಂತೆ! ಕಪ್ಪು ಸಾಸರ್ ಮಾಡೋ ಪಿಂಗಾಣಿ! ಬುಡ್ರಮ್ಮ, ಎಣ್ಣೆ ಹಾಕಿ ಕಟ್ಟು ಕಟ್ಟಿಸಿದ್ರೆ ಸರಿಹೋಗ್ತದೆ."

ಭಾವ ಪೇಪರಿನ ಹಿಂದೆ ಅಡಗಿದ್ದರು. ನಮ್ಮಮ್ಮ ನನ್ನನ್ನು ವಕೀಲರನ್ನು ಕರೆಸಿದ ಹಾಗೆ ಕರೆಸಿದ್ದಳು. ಡಾಕ್ಟರು ನನ್ನ ಕೈಗೆ ಒಂದು ಮಾದರಿ ತುಂಡು ಕೊಟ್ಟಿದ್ದರು. ಬೆಳ್ಳಗೆ, ಹಗುರವಾಗಿ, ರಸ್ಕಿನ ಚೂರಿನಂತಿತ್ತು. ಮೈತುಂಬ ತೂತು. ಜೊತೆಗಿದ್ದ ಇಂಗ್ಲಿಷ್ ಮಾಹಿತಿಪತ್ರವನ್ನು ನಾನು ಎರಡು ಸಲ ಓದಿದ್ದೆ. ತೂತೇ ಇಲ್ಲದ ತುಂಡು ಗಟ್ಟಿ ಇರುತ್ತದೆ, ಆದರೆ ಮೂಳೆಗೆ ಒಳಗೆ ದಾರಿಯಿಲ್ಲ. ಅದು ಕಾಲಿನಲ್ಲಿ ಕೊನೆಯವರೆಗೂ ಹೊರಗಿನವರ ಹಾಗೇ ಉಳಿಯುತ್ತದೆ. ತೂತುಗಳಿದ್ದು, ಒಂದರಿಂದ ಒಂದಕ್ಕೆ ಬಾಗಿಲಿದ್ದರೆ ಮೊದಲು ರಕ್ತನಾಳ ನುಗ್ಗುತ್ತದೆ, ಅದರ ಹಿಂದೆ ಮೂಳೆ. ತೂತು ತೀರ ಸಣ್ಣದಾದರೆ ಅವು ನುಗ್ಗಲಾರವು. ತೀರ ದೊಡ್ಡದಾದರೆ, ಹೆಚ್ಚಾದರೆ, ತುಂಡೇ ಪುಡಿಯಾಗುತ್ತದೆ. ಕೊನೆಯಲ್ಲಿ ಒಂದು ಸಾಲಿತ್ತು: ಮೂಳೆ ಬೆಳೆದು ತುಂಬುವವರೆಗೆ ಇದು ದುರ್ಬಲ, ಭಾರ ಹೊರಿಸಬಾರದು.

ಆ ಸಾಲನ್ನು ನಾನು ಹೇಳಲಿಲ್ಲ. ಎದುರಾಳಿಯ ಕೈಗೆ ನಾವೇ ಕೋಲು ಕೊಡಬಾರದು ಅನ್ನುವುದು ನಾನು ಕಲಿತ ಮೊದಲ ಪಾಠ.

"ಅತ್ತೆ, ಅದು ಕಪ್ಪು ಸಾಸರ್ ಅಲ್ಲ. ಕಲ್ಲಿದ್ದಂಗೆ. ನಿಮ್ಮ ನನ್ನ ಮೂಳೆಗಿಂತ ಗಟ್ಟಿ."

"ಕಲ್ಲಾ?"

"ಕಲ್ಲು."

"ಹಂಗಾದ್ರೆ ಹಾಕಿಸ್ರಿ, ಅತ್ಲಾಗೆ."

ಆಪರೇಷನ್ ಆಯಿತು. ಮೂರು ತಿಂಗಳು ಆ ಕಾಲು ಊರಲೇಬಾರದು ಎಂದು ಡಾಕ್ಟರು ಅಕ್ಕನಿಗೆ ಹೇಳಿ ಕಳಿಸಿದರು. ನಾನು ಹಾಸ್ಟೆಲ್ಲಿಗೆ ಮರಳಿ, ವಿಜ್ಞಾನ ಮತ್ತು ಮೂಢನಂಬಿಕೆಯ ಬಗ್ಗೆ ಮಾತಾಡಿ ಕಪ್ ಗೆದ್ದೆ.

ಆರನೇ ವಾರ ಭಾವ ಫೋನ್ ಮಾಡಿದರು. ನಲ್ಲಿಯಲ್ಲಿ ನೀರು ಬಂದಿತ್ತಂತೆ. ಅಕ್ಕ ಎರಡು ಬಿಂದಿಗೆ ಹೊತ್ತು ಮೆಟ್ಟಿಲು ಹತ್ತುವಾಗ ಕಾಲೊಳಗೆ ರಸ್ಕ್ ಮುರಿದ ಹಾಗೆ ಸದ್ದಾಯಿತಂತೆ. ಎಕ್ಸ್‌ರೇಯಲ್ಲಿ ತುಂಡು ಪುಡಿಯಾಗಿತ್ತು, ಸುತ್ತಲಿನ ತೆಳು ಮೂಳೆಯೂ ಸೀಳಿತ್ತು. ಇನ್ನೊಂದು ಆಪರೇಷನ್ ಆಗಬೇಕು, ಅವಳು ಮೊದಲಿನಂತೆ ನಡೆಯುತ್ತಾಳೆಂದು ಹೇಳಲಾರೆ ಎಂದರು ಡಾಕ್ಟರು.

ನಾನು ಗುಬ್ಬಿಯ ಆ ಮನೆಗೆ ಜಗಳಕ್ಕೆಂದೇ ಹೋದೆ. ಅತ್ತೆ ಅಡುಗೆಮನೆಯಲ್ಲಿದ್ದರು.

"ಅವಳ ಕೈಲಿ ನೀರು ಹೊರಿಸಿದ್ದು ಯಾರು?"

"ನೀನೇ ಕಣಮ್ಮ. ಕಲ್ಲು ಅಂದೋಳು ನೀನು. ಕಲ್ಲಿಗೆ ಎರಡು ಬಿಂದಿಗೆ ಭಾರಾನಾ?"

"ಡಾಕ್ಟ್ರು ಮೂರು ತಿಂಗಳು ಅಂದಿರಲಿಲ್ವಾ?"

"ಡಾಕ್ಟ್ರು ಎಲ್ರಿಗೂ ಹಂಗೇ ಅಂತಾರೆ. ನೀನು ಓದ್ದೋಳು, ಕಪ್ ತಂದೋಳು. ನಿನ್ ಮಾತು ನಂಬ್ದೆ."

ತನಗೆ ಬೇಕಾದ್ದನ್ನು ಮಾತ್ರ ಕೇಳುವ ಆ ಕಿವಿಯನ್ನು ಹಿಂಡಬೇಕು ಅನ್ನಿಸಿತು. ಅಷ್ಟರಲ್ಲಿ ಒಲೆಯ ಪಕ್ಕ ಗಂಜಿ ತುಂಬಿಟ್ಟ ಒಂದು ಹೊಸ ಮಡಕೆ ಕಾಣಿಸಿತು. ಅವರು ಸೊಪ್ಪಿನ ಸಾರನ್ನು ಮಡಕೆಯಲ್ಲೇ ಮಾಡುತ್ತಿದ್ದರು.

"ಇದನ್ಯಾಕೆ ಹಿಂಗಿಟ್ಟಿದ್ದೀರಿ?"

"ಪಳಗಿಸ್ತಾ ಇದೀನಿ. ಹೊಸ ಮಡಕೇನ ಹಂಗೇ ಉರಿಗಿಟ್ರೆ ಸೀಳ್ತದೆ. ಮೂರ್ ದಿನ ನೀರಲ್ಲಿಟ್ಟು, ಆಮೇಲೆ ಗಂಜಿ ಕುಡಿಸ್ಬೇಕು. ತೂತಲ್ಲೆಲ್ಲ ಗಂಜಿ ಕೂತ್ರೆ ಆಮೇಲೆ ಎಷ್ಟು ಉರಿ ಹಾಕಿದ್ರೂ ತಡೀತದೆ."

"ಅಕ್ಕನ ಕಾಲಲ್ಲಿದ್ದಿದ್ದೂ ಇದೇ! ಆ ತೂತಲ್ಲೆಲ್ಲ ಮೂಳೆ ಕೂರ್ಬೇಕಿತ್ತು. ಪಳಗಿಸ್ದೆ ಒಲೆಗಿಟ್ಟೋರು ನೀವು!"

ಅತ್ತೆ ಮಡಕೆಯನ್ನೇ ನೋಡುತ್ತ ನಿಂತರು. ಇದನ್ನೂ ಗೆದ್ದೆ ಅಂದುಕೊಂಡೆ. ಆಮೇಲೆ ಅವರು ನನ್ನ ಕಡೆ ತಿರುಗಿದರು.

"ಈ ಮಾತು ಅವತ್ತೇ ಹೇಳಿದ್ರೆ ನಿನ್ ಗಂಟೇನಮ್ಮಾ ಹೋಗ್ತಿತ್ತು? ಮೂರಲ್ಲ, ಆರ್ ತಿಂಗ್ಳು ಕೂರಿಸ್ತಿದ್ದೆ ಅವಳ್ನ."

"ಹೇಳಿದ್ರೆ ಆಪರೇಷನ್ನೇ ಬ್ಯಾಡ ಅಂತಿದ್ರಿ!"

"ಅಂತಿದ್ನೋ ಇಲ್ವೋ, ನೀನು ಹೇಳಿ ನೋಡ್ಬೇಕಿತ್ತು."

ಹೇಳಿದ್ದರೆ ಅವರು ಒಪ್ಪುತ್ತಿದ್ದರೋ ಇಲ್ಲವೋ, ಸಂಕಟವೆಂದರೆ ನನಗೆ ಈಗಲೂ ಗೊತ್ತಿಲ್ಲ. ಹಜಾರದಲ್ಲಿ ಕಾಲು ಚಾಚಿಕೊಂಡು ಮಂಚದ ಮೇಲಿದ್ದ ಅಕ್ಕ ಅಲ್ಲಿಂದಲೇ, "ನಿಮ್ಮಿಬ್ರಲ್ಲಿ ಯಾರು ಗೆದ್ರೂ ಮುರಿದಿರೋದು ನನ್ ಕಾಲು" ಅಂದಳು.

ಎರಡನೇ ಸಲ ಅವಳ ಸೊಂಟದ ಮೂಳೆಯನ್ನೇ ಕೆರೆದು, ಹೊಸ ತುಂಡುಗಳ ಜೊತೆ ಸೇರಿಸಿ ತುಂಬಿದರು. ಅತ್ತೆ ಬಿಂದಿಗೆಗಳನ್ನು ಅಟ್ಟದ ಮೇಲಿಟ್ಟರು. ಸೊಸೆ ಯಾಕೆ ಇನ್ನೂ ಎದ್ದಿಲ್ಲ ಎಂದವರಿಗೆಲ್ಲ "ಪಳಗ್ಲಿ ಬುಡಿ" ಅನ್ನುತ್ತಿದ್ದರಂತೆ. ಅದನ್ನು ಕೇಳಿ ನನ್ನ ಸಿಟ್ಟು ಇಳಿಯಲಿಲ್ಲ, ಇನ್ನೂ ಏರಿತು. ಇಷ್ಟು ಸುಲಭವಿತ್ತೇ?

ಅಕ್ಕ ನಡೆಯುತ್ತಾಳೆ, ಸ್ವಲ್ಪ ಎಳೆದುಕೊಂಡು. ನಾನು ಯಾರಿಗಾದರೂ ಏನನ್ನಾದರೂ ವಿವರಿಸಲು ಶುರುಮಾಡಿದರೆ ಆ ಕಾಲನ್ನು ಮುಂದೆ ಚಾಚಿ, "ಉಳಿದಿದ್ದೂ ಹೇಳ್ಬಿಡೇ" ಎಂದು ನಗುತ್ತಾಳೆ. ನನಗೆ ನಗು ಬರುವುದಿಲ್ಲ. ಹೇಳುತ್ತೇನೆ.