ಅತ್ತೆಗೆ ಬರಬೇಕಾಗಿದ್ದ ಕಾಯಿಲೆ

ದೇವನಹಳ್ಳಿ ಹತ್ತಿರದ ಒಂದು ಹಳ್ಳಿಯ ಶಾಲೆಯಲ್ಲಿ ನನಗೆ ಟೀಚರ್ ಕೆಲಸ ಸಿಕ್ಕಿದಾಗ ಎಪ್ಪತ್ತರ ದಶಕ ಆಗತಾನೇ ಶುರುವಾಗಿತ್ತು. ಮದುವೆಯಾಗದ ಹುಡುಗಿ ಒಬ್ಬಳೇ ಮನೆ ಮಾಡಿಕೊಂಡಿರುವ ಕಾಲ ಅದಲ್ಲ. ಅದೇ ಊರಿನಲ್ಲಿ ಅಪ್ಪನ ಅಕ್ಕ ಇದ್ದಳು. "ನಾನಿರೋವಾಗ ಬಾಡಿಗೆ ಮನೆ ಯಾಕೆ?" ಎಂದು ಅಪ್ಪನನ್ನು ಗದರಿ, ಬಸ್ಸಿನಿಂದ ನನ್ನ ಟ್ರಂಕನ್ನು ತಾನೇ ಇಳಿಸಿಕೊಂಡಳು.

ಅತ್ತೆ ದಪ್ಪ. ಹಾಗೆಂದರೆ ಅವಳಿಗೇನೂ ಬೇಸರವಿರಲಿಲ್ಲ. ಬಸ್ಸಿನಲ್ಲಿ ಇಬ್ಬರ ಜಾಗ ಹಿಡಿಯುತ್ತಿದ್ದಳು. ಕಂಡಕ್ಟರ್ ಮುಖ ನೋಡಿದರೆ, "ಟಿಕೆಟ್ಟು ಒಂದೇ ಕಣಪ್ಪಾ" ಎಂದು ತಾನೇ ಮೊದಲು ನಗುತ್ತಿದ್ದಳು. ಮಾವನದು ಸಣಕಲು ಮೈ, ಸಣ್ಣ ದನಿ. ಅವರಿಗೆ ಒಂದಿಷ್ಟು ಹಿಪ್ಪುನೇರಳೆ ತೋಟ, ಬಾವಿಯ ಸುತ್ತ ಚಕ್ಕೋತದ ಗಿಡಗಳು. ಹೆಣ್ಣುಮಕ್ಕಳಿಬ್ಬರೂ ಮದುವೆಯಾಗಿ ಹೋಗಿದ್ದರು. ಮನೆಯ ಹಿಂದಿನ ಉದ್ದನೆಯ ಕೋಣೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಸೊಪ್ಪು ಹಾಕಿದ ಮೇಲೆ ಹುಳುಗಳು ಮೇಯುವ ಸದ್ದು, ದೂರದಲ್ಲಿ ಯಾರೋ ತರಗೆಲೆ ತುಳಿಯುತ್ತ ನಡೆದ ಹಾಗೆ ಕೇಳುತ್ತಿತ್ತು. ಈಗಲೂ ಆ ಮನೆ ಎಂದರೆ ನನಗೆ ಆ ಸದ್ದು, ಹಸಿ ಸೊಪ್ಪಿನ ವಾಸನೆ, ಒಲೆಯ ಮೇಲೆ ಕುದಿಯುವ ಅವರೆಕಾಳಿನ ಸಾರು.

ನಾನು ಹೋದ ಎರಡನೆಯ ಬೇಸಿಗೆಯಲ್ಲಿ ಮಾವ ಇಳಿದುಹೋಗತೊಡಗಿದರು. ಅಂಗಿ ಗೂಟಕ್ಕೆ ತಗುಲಿಸಿದ ಹಾಗೆ ಮೈಮೇಲೆ ನೇತಾಡುತ್ತಿತ್ತು. ತೋಟಕ್ಕೆ ಹೋದರೆ ಬಾವಿಕಟ್ಟೆ ಬಿಟ್ಟು ಕದಲುತ್ತಿರಲಿಲ್ಲ. ಚೊಂಬಿನ ಮೇಲೆ ಚೊಂಬು ನೀರು ಕುಡಿಯುತ್ತಿದ್ದರು. "ಬಿಸ್ಲು ಕಣಮ್ಮ" ಎನ್ನುವರು. ನಾವೂ ಬಿಸಿಲೇ ಎಂದುಕೊಂಡೆವು.

ಊರು ಬೇರೆಯೇ ಅಂದುಕೊಂಡಿತು. ನೆಂಟರ ಮದುವೆಯೊಂದರಲ್ಲಿ ಪಂಕ್ತಿಯಲ್ಲಿ ಕೂತಿದ್ದಾಗ ವಯಸ್ಸಾದ ಹೆಂಗಸೊಬ್ಬರು ಎಲ್ಲರಿಗೂ ಕೇಳುವ ಹಾಗೆ, "ಗಂಡನ ಪಾಲಿಂದೂ ನೀನೇ ಉಣ್ತೀಯೇನಮ್ಮ? ಅವನು ಕಡ್ಡಿ ಆಗೋದ, ನೀನು ನೋಡಿದ್ರೆ ಹಿಂಗೆ" ಎಂದರು. ಅಷ್ಟಕ್ಕೇ ಬಿಡದೆ, "ಹಿಂಗೇ ತಿಂತಿರು, ಸಾವ್ಕಾರ್ರಿಗೆ ಬರೋ ಸಕ್ಕರೆ ಕಾಯ್ಲೆ ನಿಂಗೂ ಬರ್ತದೆ" ಎಂದೂ ಸೇರಿಸಿದರು. ಅತ್ತೆ ಎಲ್ಲರ ಜೊತೆ ನಕ್ಕಳು. ಎಲೆಯಲ್ಲಿದ್ದ ಹೋಳಿಗೆಯನ್ನು ಮಾತ್ರ ಮುಟ್ಟಲಿಲ್ಲ.

ಮಾರನೆಯ ದಿನದಿಂದ ಮಾವನ ತಟ್ಟೆಗೆ ದೊಡ್ಡ ಮುದ್ದೆ, ಮೇಲೆ ತುಪ್ಪ. ಸಂಜೆ ಬೆಲ್ಲ ಕಲೆಸಿದ ಹುರಿಹಿಟ್ಟು, ಹಾಲು, ಬಾಳೆಹಣ್ಣು. ಆಗಾಗ ಗಸಗಸೆ ಪಾಯಸ. ಮಾವನಿಗೆ ಸಿಹಿ ಅಷ್ಟಕ್ಕಷ್ಟೆ. ಆದರೂ ಹೆಂಡತಿ ಎದುರಿಗೇ ನಿಂತಿರುತ್ತಾಳಲ್ಲ, ಕುಡಿಯುತ್ತಿದ್ದರು. ಅತ್ತೆ ಕೊನೆಗೆ ಒಲೆಯ ಮುಂದೆ ಕೂತು ಮಜ್ಜಿಗೆ ಕುಡಿದು ಏಳುತ್ತಿದ್ದಳು.

"ಯಾಕತ್ತೆ, ಊಟ ಮಾಡಲ್ವಾ?"

"ಹಸಿವಿಲ್ಲ ಮಗಾ."

ಇಷ್ಟಾದರೂ ಮಾವ ತುಂಬಿಕೊಳ್ಳಲಿಲ್ಲ. ಅತ್ತೆ ಇಳಿಯಲೂ ಇಲ್ಲ.

ಒಂದು ಬೆಳಿಗ್ಗೆ ಮಾವ ಸೊಪ್ಪಿನ ಹೊರೆ ಎತ್ತಲು ಹೋಗಿ ಅಲ್ಲೇ ಕುಸಿದು ಕೂತರು. ಪಕ್ಕದ ತೋಟದವರು ಹಿಡಿದುಕೊಂಡು ಮನೆಗೆ ಕರೆತಂದರು. ನಾನು ಶಾಲೆಗೆ ರಜೆ ಹಾಕಿದೆ. ಮೂವರೂ ಬಸ್ಸು ಹತ್ತಿ ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ಹೋದೆವು. ರಕ್ತ, ಮೂತ್ರ ಎಲ್ಲ ನೋಡಿದ ಮೇಲೆ ಡಾಕ್ಟರು ನಮ್ಮನ್ನು ಒಳಗೆ ಕರೆದು, "ಸಕ್ಕರೆ ಕಾಯಿಲೆ. ತುಂಬಾ ಏರಿಬಿಟ್ಟಿದೆ" ಎಂದರು.

"ಅಯ್ಯೋ, ನಂಗಾ?" ಎಂದಳು ಅತ್ತೆ.

"ನಿಮ್ಮನ್ನ ಪರೀಕ್ಷೆನೇ ಮಾಡಿಲ್ವಲ್ಲಮ್ಮ. ನಿಮ್ಮ ಯಜಮಾನ್ರಿಗೆ."

ಅತ್ತೆ ನಂಬಲಿಲ್ಲ. "ಇಷ್ಟು ಸಣ್ಣಗವ್ರೆ ಸ್ವಾಮಿ! ಸಿಹಿ ಅಂದ್ರೇ ಆಗ್ತಿರ್ಲಿಲ್ಲ ಅವ್ರಿಗೆ. ಈಚೆಗೆ ನಾನೇ..." ಎಂದವಳು ಅಲ್ಲಿಗೇ ನಿಂತಳು. ಸೆರಗು ಬಾಯಿಗೆ ಹೋಯಿತು. "ಪಾಯ್ಸ ಕುಡಿಸಿ ಕುಡಿಸಿ ನಾನೇ ತಂದೆ ಇದನ್ನ."

ಅತ್ತೆ ಅಳುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಡಾಕ್ಟರು ಪೆನ್ನು ಕೆಳಗಿಟ್ಟು, ನೀರಡಿಕೆ ಯಾವಾಗ ಶುರುವಾಯಿತೆಂದು ಕೇಳಿದರು. ಪಾಯಸಕ್ಕೆ ಎಷ್ಟೋ ಮೊದಲೇ ಎಂದು ನಾನು ಹೇಳಿದೆ.

"ನೋಡಿ, ಕಾಯಿಲೆ ಆಗ್ಲೇ ಇತ್ತು. ತಿಂದಿದ್ದು ಮೈಗೆ ಹತ್ತದೆ ರಕ್ತದಲ್ಲೇ ಸಕ್ಕರೆಯಾಗಿ ಉಳ್ಕೋತಿದೆ. ಅದಕ್ಕೇ ಇಷ್ಟು ಇಳಿದುಹೋಗಿದ್ದಾರೆ. ನೀವು ಕೊಟ್ಟ ಸಿಹಿಯಿಂದ ಅದು ಏರಿರಬಹುದು, ಆದ್ರೆ ಬಂದಿದ್ದು ಅದರಿಂದಲ್ಲ. ದಪ್ಪಗಿರೋರಿಗೆ ಬರೋದು ಹೆಚ್ಚು, ನಿಜ. ಹಾಗಂತ ಸಣ್ಣಗಿರೋರನ್ನ ಬಿಟ್ಟುಬಿಡಲ್ಲಮ್ಮ ಇದು."

ಆಮೇಲೆ ಅತ್ತೆಯನ್ನೂ ಪರೀಕ್ಷೆ ಮಾಡಿಸಿದರು. ಅವಳಿಗೆ ಏನೂ ಇರಲಿಲ್ಲ. ಅದು ಗೊತ್ತಾದಾಗ ಅವಳ ಮುಖದಲ್ಲಿ ಸಮಾಧಾನ ಕಾಣಲಿಲ್ಲ. ತನಗೆ ಬರಬೇಕಾದದ್ದು ವಿಳಾಸ ತಪ್ಪಿ ಗಂಡನಿಗೆ ಹೋಯಿತೇನೋ ಎಂಬ ಹಾಗೆ ಸಂಕೋಚಪಟ್ಟುಕೊಂಡು ಕೂತಿದ್ದಳು.

ಮಾವ ಕೆಲವು ದಿನ ವಾರ್ಡಿನಲ್ಲೇ ಇದ್ದರು. ದಿನಾ ಇನ್ಸುಲಿನ್ ಸೂಜಿ ಬೇಕೇ ಬೇಕು ಎಂದಾಯಿತು. ಊರಿನಲ್ಲಿ ಸೂಜಿ ಹಾಕುವವರಿಲ್ಲ, ಅತ್ತೆಯೇ ಕಲಿಯಬೇಕು. ಗಾಜಿನ ಸಿರಿಂಜನ್ನು ಕುದಿಸುವುದು, ಗೆರೆ ನೋಡಿ ಔಷಧಿ ಎಳೆಯುವುದು, ಗಾಳಿಗುಳ್ಳೆ ಹೊರಗೆ ತಳ್ಳುವುದನ್ನೆಲ್ಲ ನರ್ಸು ತೋರಿಸಿಕೊಟ್ಟರು. ಆದರೆ ಚುಚ್ಚುವ ಹೊತ್ತಿಗೆ ಅತ್ತೆ ಸೂಜಿಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. "ಯಾವುದಾದ್ರೂ ಹಣ್ಣಿನ ಮೇಲೆ ಅಭ್ಯಾಸ ಮಾಡಿ" ಎಂದರು ನರ್ಸು. ನಾನು ಊರಿಗೆ ಹೋಗಿ ಬರುವಾಗ ಚೀಲದಲ್ಲಿ ಚಕ್ಕೋತ ತಂದೆ. ಅತ್ತೆ ಅದನ್ನು ತೊಡೆಯ ಮೇಲಿಟ್ಟುಕೊಂಡು, ಸಿರಿಂಜಿಗೆ ಬರೀ ನೀರು ತುಂಬಿ, ಆ ಮೆತ್ತನೆಯ ದಪ್ಪ ಸಿಪ್ಪೆಗೆ ಚುಚ್ಚತೊಡಗಿದಳು. ಮಂಚದ ಮೇಲಿಂದ ಮಾವ ನೋಡುತ್ತಲೇ ಇದ್ದರು.

"ಲೇ, ನನ್ನ ಚರ್ಮ ಅಷ್ಟು ದಪ್ಪ ಇಲ್ಲ ಕಣೇ. ಮೆಲ್ಲಗೆ."

ಅತ್ತೆ ಎಷ್ಟೋ ದಿನದ ಮೇಲೆ ಜೋರಾಗಿ ನಕ್ಕಳು. ಪಕ್ಕದ ಮಂಚದವರೂ ನಕ್ಕರು. ಮಾರನೆಯ ಬೆಳಿಗ್ಗೆ ಮಾವನ ತೊಡೆಗೆ ಮೊದಲ ಸೂಜಿಯನ್ನು ಒಂದೇ ಸಲಕ್ಕೆ ಹಾಕಿದಳು.

ಊರಿನಲ್ಲಿ ಆಗ ಯಾರ ಮನೆಯಲ್ಲೂ ಫ್ರಿಜ್ಜಿರಲಿಲ್ಲ. ಹುಳು ಸಾಕುವ ಕೋಣೆಯ ತಂಪು ಮೂಲೆಯಲ್ಲಿ ಒದ್ದೆ ಮರಳಿನ ಮಡಕೆ ಇಟ್ಟು ಅದರೊಳಗೆ ಔಷಧಿಯ ಬಾಟಲಿ ಇಡುತ್ತಿದ್ದೆವು. ಮಾವನಿಗೆ ಸೂಜಿಗಿಂತ ದೊಡ್ಡ ಸಂಕಟ ಮುದ್ದೆಯದು.

"ಅನ್ನ ಬಿಡು ಅಂದ್ರೆ ಬಿಟ್ಟೆ. ಮುದ್ದೆಗೂ ಅಳತೆನಾ? ರಾಗಿಲಿ ಎಲ್ಲೈತೆ ಸಕ್ಕರೆ?"

"ಹೊಟ್ಟೆಗೋದ್ಮೇಲೆ ಅದೂ ಸಕ್ಕರೆನೇ ಆಗ್ತದಂತೆ. ಡಾಕ್ಟ್ರು ಹೇಳವ್ರೆ" ಎಂದು ಅತ್ತೆ ಚಿಕ್ಕ ಮುದ್ದೆ ಕಟ್ಟಿ, ತಟ್ಟೆಯ ತುಂಬ ಸೊಪ್ಪಿನ ಪಲ್ಯ, ಕಾಳು ಬಡಿಸುತ್ತಿದ್ದಳು.

ಸಂಕ್ರಾಂತಿಯ ಹೊತ್ತಿಗೆ ಮಾವನ ಕೆನ್ನೆ ತುಂಬಿಕೊಂಡಿತು. ಹಬ್ಬಕ್ಕೆ ಬಂದಿದ್ದ ದಾಯಾದಿಯೊಬ್ಬರು ಬೆನ್ನು ತಟ್ಟಿ, "ವಾಸಿ ಆಗೋಯ್ತಲ್ಲಣ್ಣ! ಮೈ ಬಂದೈತೆ. ಇನ್ನೂ ಯಾಕೆ ಸೂಜಿ? ಅಭ್ಯಾಸ ಆಗ್ಬಿಟ್ರೆ ಕಷ್ಟ. ಬೇವಿನ ಕಷಾಯ ಕುಡಿ, ಸಾಕು" ಎಂದರು. ಮಾವನಿಗೆ ಆ ಮಾತು ಹಿಡಿಸಿತು. ಮಾರನೆಯ ಬೆಳಿಗ್ಗೆ ಅತ್ತೆ ಸಿರಿಂಜು ಕುದಿಸಿ ತಂದರೆ, "ಬೇಡ ಇನ್ನು. ಚೆನ್ನಾಗಿದೀನಲ್ಲ" ಎಂದರು.

ಅತ್ತೆ ಕೂಗಾಡಲಿಲ್ಲ. "ಚೆನ್ನಾಗಿರೋದು ಸೂಜಿಯಿಂದ. ಹೋದ ವರ್ಷ ಊರೋರ ಮಾತು ಕೇಳಿ ನಿಮಗೆ ಪಾಯ್ಸ ಬಡಿಸ್ದೆ. ಇನ್ನು ನಾನು ಯಾರ ಮಾತೂ ಕೇಳಲ್ಲ. ಕೂತ್ಕೊಳಿ" ಎಂದಳು. ಅಂಥ ದನಿಯನ್ನು ನಾನಾಗಲಿ ಮಾವನಾಗಲಿ ಕೇಳಿದ್ದಿಲ್ಲ. ಮಾವ ಕೂತು ಪಂಚೆ ಸರಿಸಿದರು. ಸೂಜಿ ಬೇಡವೆಂದು ಅವರು ಮತ್ತೆ ಹೇಳಿದ್ದು ನನಗೆ ನೆನಪಿಲ್ಲ.

ಆಮೇಲೆ ನನಗೆ ಮದುವೆಯಾಯಿತು, ಹೊಸಕೋಟೆ ಕಡೆಗೆ ವರ್ಗವಾಯಿತು. ಮಾವ ಇನ್ನೂ ಬಹಳ ವರ್ಷ ಬದುಕಿದ್ದರು, ತೋಟ ಮಾಡಿದರು, ಮೊಮ್ಮಕ್ಕಳನ್ನು ಆಡಿಸಿದರು. ಅತ್ತೆ ಇದ್ದಷ್ಟೇ ದಪ್ಪಗಿದ್ದಳು.

ಆ ಮನೆಯಲ್ಲಿ ಉಳಿದ ಒಂದು ಬದಲಾವಣೆ ನನಗೆ ಬಲು ಇಷ್ಟ. ಮೊದಲೆಲ್ಲ ಗಂಡಸರದು ಮುಗಿದ ಮೇಲೆ ಹೆಂಗಸರ ಊಟ. ಸೂಜಿ ಬಂದ ಮೇಲೆ ಹೊತ್ತಿಗೆ ಸರಿಯಾಗಿ ಉಣ್ಣಬೇಕೆಂದು ಅತ್ತೆ ಮಾವನ ಪಕ್ಕದಲ್ಲೇ ಕಾವಲು ಕೂರುತ್ತಿದ್ದಳು. ಒಂದು ದಿನ ಮಾವನೇ, "ಬರಿದೆ ಏನು ನೋಡ್ತೀಯಾ, ನಿನ್ನ ತಟ್ಟೆನೂ ತಗೊಂಬಾ" ಎಂದರು. ಅತ್ತೆ ಬಾಗಿಲ ಕಡೆ ನೋಡಿದಳು, ಯಾರೂ ಬರುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ತಟ್ಟೆ ತಂದಳು. ಕೆಲವು ದಿನಗಳಾದ ಮೇಲೆ ಬಾಗಿಲು ನೋಡುವುದನ್ನೂ ಬಿಟ್ಟಳು.